ಎಂಜಿನ್ ಸ್ವಾಪ್‌ಗೆ ಕಂಪನಿ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಇಟ್ಟುಕೊಳ್ಳಬೇಕೋ, ಅದರ ಬದಲು ಹೊರಗಿನ ಸ್ಟ್ಯಾಂಡ್‌ಅಲೋನ್ ಹಾಕಬೇಕೋ?

ಹಳೇಚಾಸಿ:

ಕಾರ್ಬ್ಯುರೇಟರ್ ಕಾಲದ ಪಿಕಪ್‌ಗೆ ಜಿಎಂನ 5.3 ಲೀಟರ್ ವಿ8, ಅಂದರೆ ಎಲ್‌ಎಂ7, ಕೂರಿಸುವ ಕೆಲಸ ನಡೆದಿದೆ. ಎಂಜಿನ್ 2004ರ ಟ್ರಕ್ಕಿನದು. ಅದರದೇ 4ಎಲ್60ಇ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಕೂಡ ಜೊತೆಗಿದೆ. ಮೌಂಟಿಂಗ್, ಆಯಿಲ್ ಪ್ಯಾನ್, ಪ್ರೊಪೆಲ್ಲರ್ ಶಾಫ್ಟ್ ಎಲ್ಲ ಹೊಂದಿಕೊಂಡಿವೆ, ಉಳಿದಿರುವುದು ಎಲೆಕ್ಟ್ರಿಕಲ್.

ಸದ್ಯ ಕೈಯಲ್ಲಿರುವುದು ಇಷ್ಟು: ಹಸಿರು ಮತ್ತು ನೀಲಿ ಕನೆಕ್ಟರಿನ ಕಂಪನಿ ಇಸಿಯು, ಎಂಜಿನ್ ಮೇಲಿನ ಹಾರ್ನೆಸ್ (ವೈರುಗಳ ಕಂತೆ). ಹಾರ್ನೆಸ್‌ನಲ್ಲಿ ಕ್ಯಾಬಿನ್ ಕಡೆಗೆ ಹೋಗುವ ವೈರುಗಳನ್ನು ಕತ್ತರಿಸಿಬಿಟ್ಟಿದ್ದಾರೆ. ಥ್ರಾಟಲ್ ಎಲೆಕ್ಟ್ರಾನಿಕ್, ಆದರೆ ಪೆಡಲ್ ಬಂದಿಲ್ಲ, ಕೀಲಿಯೂ ಬಂದಿಲ್ಲ.

ದಿನನಿತ್ಯ ಓಡಿಸುವ ಗಾಡಿ, ಆಗಾಗ ಟ್ರೈಲರ್ ಎಳೆಯಬೇಕು. ಈಗ ಎಂಜಿನ್ ಒಳಗೆ ಕೈ ಹಾಕುವುದಿಲ್ಲ. ಮುಂದೆ ಸಣ್ಣ ಕ್ಯಾಮ್ (ವಾಲ್ವ್ ತೆರೆಯುವ ಶಾಫ್ಟ್) ಹಾಕುವ ಆಲೋಚನೆ ಇದೆ, ಟರ್ಬೊ ಇನ್ನೂ ತೀರ್ಮಾನವಾಗಿಲ್ಲ. ಈ ಸ್ಥಿತಿಯಲ್ಲಿ ಕಂಪನಿ ಇಸಿಯು ಜೊತೆ ಗುದ್ದಾಡುವುದು ಸರಿಯೇ, ಅಥವಾ ಹೊಸ ಹಾರ್ನೆಸ್ ಸಮೇತ ಬರುವ ಹೋಲಿ ಟರ್ಮಿನೇಟರ್ ಎಕ್ಸ್, ಮೆಗಾಸ್ಕ್ವರ್ಟ್ ಥರದ ಹೊರಗಿನ ಇಸಿಯು ಹಾಕಿ ಮುಗಿಸುವುದು ಸರಿಯೇ? ಕೀಲಿ ಇಲ್ಲದಿದ್ದರೆ ಕಂಪನಿ ಇಸಿಯು ಎಂಜಿನ್ ಸ್ಟಾರ್ಟ್ ಮಾಡಲು ಬಿಡುತ್ತದೆಯೇ?

—

ತಂತಿಜಾಲ:

ಕಂಪನಿ ಇಸಿಯು ಇಟ್ಟುಕೊಳ್ಳಿ. ಕಾರಣ ಎಂಜಿನ್‌ಗಿಂತ ಹೆಚ್ಚಾಗಿ ನಿಮ್ಮ ಗೇರ್‌ಬಾಕ್ಸ್.

4ಎಲ್60ಇ ತಾನಾಗಿ ಗೇರ್ ಬದಲಿಸುವುದಿಲ್ಲ. ಶಿಫ್ಟ್ ಸೊಲೆನಾಯ್ಡ್, ಲೈನ್ ಪ್ರೆಷರ್ (ಗೇರ್‌ಬಾಕ್ಸ್ ಒಳಗಿನ ಆಯಿಲ್ ಒತ್ತಡ), ಟಾರ್ಕ್ ಕನ್ವರ್ಟರ್ ಲಾಕಪ್ (ಕನ್ವರ್ಟರ್ ಜಾರದಂತೆ ಬಿಗಿಯುವುದು) ಮೂರನ್ನೂ ನಡೆಸುವುದು ಇಸಿಯು. ನಿಮ್ಮ ಹಸಿರು-ನೀಲಿ ಡಬ್ಬಿ ಪಿ59 ಎಂದು ಕರೆಯುವ ಇಸಿಯು. ಎಂಜಿನ್ ಎಷ್ಟು ಟಾರ್ಕ್ ಕೊಡುತ್ತಿದೆ ಎಂಬ ಲೆಕ್ಕ ಅದರೊಳಗೇ ಇರುವುದರಿಂದ ಲೈನ್ ಪ್ರೆಷರ್ ಅದಕ್ಕೆ ತಕ್ಕಂತೆ ಏರಿಳಿಯುತ್ತದೆ. ಈ ಗೇರ್‌ಬಾಕ್ಸಿನಲ್ಲಿ ಮೊದಲು ಸಾಯುವುದು 3-4 ಕ್ಲಚ್. ಟ್ರೈಲರ್ ಎಳೆಯುವಾಗ ಪ್ರೆಷರ್ ಸ್ವಲ್ಪ ಕಡಿಮೆಯಾದರೂ ಅದು ಜಾರಿ ಸುಟ್ಟುಹೋಗುತ್ತದೆ. ಸ್ಟ್ಯಾಂಡ್‌ಅಲೋನ್ ಹಾಕಿದರೆ ಆ ಪ್ರೆಷರ್ ಟೇಬಲ್ ಸರಿಮಾಡುವ ಹೊಣೆ ನಿಮ್ಮದಾಗುತ್ತದೆ.

ಇನ್ನೊಂದು ಕಾರಣ ಕೋಲ್ಡ್ ಸ್ಟಾರ್ಟ್. ಸೆಲ್ಫ್ ಹೊಡೆಯುವಾಗ ಎಷ್ಟು ಪೆಟ್ರೋಲ್, ಹತ್ತಿದ ತಕ್ಷಣ ಎಷ್ಟು ಹೆಚ್ಚುವರಿ, ಬಿಸಿಯಾಗುತ್ತಾ ಹೋದಂತೆ ಅದನ್ನು ಹೇಗೆ ಇಳಿಸಬೇಕು ಎಂಬುದಕ್ಕೆ ಉಷ್ಣಾಂಶವಾರು ಬೇರೆ ಬೇರೆ ಟೇಬಲ್‌ಗಳಿವೆ. ಎಂಜಿನ್ ಪೂರ್ತಿ ತಣ್ಣಗಾಗಿ ಸಿಗುವುದು ದಿನಕ್ಕೆ ಒಂದು ಸಲ, ಹಾಗಾಗಿ ಇದನ್ನು ಹೊಸದಾಗಿ ಟ್ಯೂನ್ ಮಾಡಲು ತಿಂಗಳುಗಳೇ ಬೇಕು. ಕಂಪನಿಯವರು ಮಾಡಿಟ್ಟಿರುವುದನ್ನು ಸ್ಟಾಕ್ ಎಂಜಿನ್‌ಗೆ ಬಿಸಾಕಲು ಕಾರಣ ಕಾಣುತ್ತಿಲ್ಲ.

ಕೀಲಿಯ ಚಿಂತೆ ಬೇಡ. ಕಳ್ಳತನ ತಡೆಯುವ ಕೋಡ್ ಬಾಡಿ ಮಾಡ್ಯೂಲ್‌ನಿಂದ ಬರದಿದ್ದರೆ ಎಂಜಿನ್ ಹತ್ತಿ ಒಂದೆರಡು ಸೆಕೆಂಡಿಗೆ ಆರಿಹೋಗುತ್ತದೆ. ಪೆಟ್ರೋಲ್ ಪಂಪ್ ಕೆಟ್ಟಿದೆ ಎಂದುಕೊಂಡು ಪಂಪ್ ಬದಲಿಸುವವರು ಬಹಳ. ಎಚ್‌ಪಿ ಟ್ಯೂನರ್ಸ್ ಅಥವಾ ಇಎಫ್‌ಐಲೈವ್ ಎಂಬ ಟ್ಯೂನಿಂಗ್ ಸಾಫ್ಟ್‌ವೇರ್ ಮೂಲಕ ಆ ತಪಾಸಣೆಯನ್ನು ಇಸಿಯುನಲ್ಲೇ ಆಫ್ ಮಾಡಬಹುದು. ಅದೇ ಸಲ ಟೈರಿನ ಅಳತೆ, ಹಿಂದಿನ ಆಕ್ಸಲ್ ರೇಷಿಯೊ ಬದಲಿಸಿ ಬರೆಯಿರಿ; ಇಲ್ಲದಿದ್ದರೆ ಗೇರ್ ಬದಲಾಗುವ ವೇಗವೂ ಸ್ಪೀಡೋಮೀಟರೂ ಎರಡೂ ತಪ್ಪುತ್ತವೆ. ಹಿಂದಿನ ಆಕ್ಸಿಜನ್ ಸೆನ್ಸರ್, ಟ್ಯಾಂಕ್ ಆವಿ ವ್ಯವಸ್ಥೆ ಹಾಕುತ್ತಿಲ್ಲವಾದರೆ ಅವುಗಳ ದೋಷದ ಕೋಡ್‌ಗಳನ್ನೂ ತೆಗೆಯಬೇಕಾಗುತ್ತದೆ. ಆದರೆ ನಿಮ್ಮ ಗಾಡಿಗೆ ಒಬಿಡಿ (ದೋಷ ಓದುವ ಸಾಕೆಟ್) ಮೂಲಕ ಹೊಗೆ ತಪಾಸಣೆ ಇದ್ದರೆ ಅವನ್ನು ಮುಟ್ಟಬೇಡಿ. ರೆಡಿನೆಸ್ ಮಾನಿಟರ್‌ಗಳು (ಇಸಿಯು ತಾನೇ ನಡೆಸುವ ತಪಾಸಣೆಗಳು) ಪೂರ್ಣವಾಗದೆ ಗಾಡಿ ಪಾಸಾಗುವುದಿಲ್ಲ.

ಫ್ಲ್ಯಾಶ್ ಮಾಡುವಾಗ (ಇಸಿಯುಗೆ ಹೊಸದಾಗಿ ಬರೆಯುವಾಗ) ಬ್ಯಾಟರಿಗೆ ಚಾರ್ಜರ್ ಹಾಕಿಡಿ. ನಡುವೆ ವೋಲ್ಟೇಜ್ ಬಿದ್ದರೆ ಇಸಿಯು ಅರ್ಧ ಬರೆದ ಸ್ಥಿತಿಯಲ್ಲಿ ನಿಂತುಬಿಡುತ್ತದೆ.

—

ಮ್ಯಾಪ್‌ಸೆನ್ಸರ್:

ತಂತಿಜಾಲ ಅವರು ಹೇಳಿದ್ದು ಸ್ಟಾಕ್ ಎಂಜಿನ್ ಮಟ್ಟಿಗೆ ಸರಿ. ಆದರೆ ಪ್ರಶ್ನೆಯಲ್ಲಿ ಟರ್ಬೊ ಎಂಬ ಮಾತೂ ಇದೆ, ಅದನ್ನು ಬಿಟ್ಟು ನಿರ್ಧರಿಸುವುದು ಸರಿಯಲ್ಲ.

ಪಿ59ರ ಮ್ಯಾಪ್ ಸೆನ್ಸರ್ (ಇನ್‌ಟೇಕ್ ಒಳಗಿನ ಗಾಳಿಯ ಒತ್ತಡ ಅಳೆಯುವುದು) 1 ಬಾರ್‌ನದು. ಬೂಸ್ಟ್ (ಟರ್ಬೊ ತುಂಬುವ ಹೆಚ್ಚುವರಿ ಒತ್ತಡ) ಅಳೆಯಬೇಕಾದರೆ 2 ಅಥವಾ 3 ಬಾರ್ ಸೆನ್ಸರ್ ಹಾಕಿ, ಅದಕ್ಕೆ ಬೇರೆ ಆಪರೇಟಿಂಗ್ ಸಿಸ್ಟಮ್ ಬರೆಯಬೇಕು. ಅದು ಸಾಧ್ಯ, ಅದರಲ್ಲೇ ಒಳ್ಳೆಯ ಟರ್ಬೊ ಗಾಡಿಗಳು ಓಡುತ್ತಿವೆ. ಆದರೂ ಆಯಿಲ್ ಪ್ರೆಷರ್ ಅಥವಾ ಪೆಟ್ರೋಲ್ ಪ್ರೆಷರ್ ಬಿದ್ದರೆ ಎಂಜಿನ್ ತಾನೇ ಕಟ್ ಆಗುವಂಥ ರಕ್ಷಣೆ ಅದರಲ್ಲಿ ಇಲ್ಲ. ಬೂಸ್ಟ್‌ನಲ್ಲಿ ಪೆಟ್ರೋಲ್ ಪ್ರೆಷರ್ ಅರ್ಧ ಸೆಕೆಂಡ್ ಕುಸಿದರೂ ಪಿಸ್ಟನ್ನಿನ ರಿಂಗ್ ನಡುವಿನ ಗೋಡೆ ಒಡೆಯುತ್ತದೆ. ಸ್ಟ್ಯಾಂಡ್‌ಅಲೋನ್‌ನಲ್ಲಿ ಒಂದು ಸೆನ್ಸರ್ ಹಾಕಿ ಮಿತಿ ಕೊಟ್ಟರೆ ಅದು ಅಷ್ಟರೊಳಗೆ ಎಂಜಿನ್ ನಿಲ್ಲಿಸುತ್ತದೆ. ಲಾಗಿಂಗ್ ವೇಗ, ಓಡುತ್ತಿರುವಾಗಲೇ ಟೇಬಲ್ ತಿದ್ದುವುದು, ವೈಡ್‌ಬ್ಯಾಂಡ್ ಸೆನ್ಸರ್‌ನಿಂದ ತಾನೇ ಕಲಿಯುವುದು ಇವೆಲ್ಲ ಇದರ ಅನುಕೂಲಗಳು. ಪಿ59ಕ್ಕೆ ಪ್ರತಿ ತಿದ್ದುಪಡಿಗೂ ಎಂಜಿನ್ ನಿಲ್ಲಿಸಿ ಫ್ಲ್ಯಾಶ್ ಮಾಡಬೇಕು.

ಹೊರಗಿನದು ಕೊಳ್ಳುವುದಾದರೆ ಮಾಡೆಲ್ ನೋಡಿ ಕೊಳ್ಳಿ. ಟರ್ಮಿನೇಟರ್ ಎಕ್ಸ್‌ನ ಸಾದಾ ಆವೃತ್ತಿಗೆ ಎಲೆಕ್ಟ್ರಾನಿಕ್ ಥ್ರಾಟಲ್ಲೂ ಆಗದು, 4ಎಲ್60ಇ ಕೂಡ ಆಗದು. ಅದಕ್ಕೆ ಮ್ಯಾಕ್ಸ್ ಬೇಕು. ಮೆಗಾಸ್ಕ್ವರ್ಟ್ 3 ಹಾಕಿದರೆ ಗೇರ್‌ಬಾಕ್ಸ್‌ಗೆ ಪ್ರತ್ಯೇಕ ಕಂಟ್ರೋಲರ್ ಬೇಕಾಗುತ್ತದೆ. ಅದೊಂದು ಹೆಚ್ಚುವರಿ ಡಬ್ಬಿ, ಹೆಚ್ಚುವರಿ ಹಾರ್ನೆಸ್, ಮತ್ತೆ ಒಂದು ಥ್ರಾಟಲ್ ಸಿಗ್ನಲ್ ಹಂಚಿಕೆ.

ಹಾರ್ನೆಸ್ ಆರ್ಡರ್ ಮಾಡುವ ಮುನ್ನ ಕ್ರ್ಯಾಂಕ್ ಸೆನ್ಸರ್ ಬಣ್ಣ ನೋಡಿ. ಕಪ್ಪು ಅಂದರೆ ಕ್ರ್ಯಾಂಕ್ ಚಕ್ರ 24 ಹಲ್ಲಿನದು, ಬೂದು ಅಂದರೆ 58 ಹಲ್ಲಿನದು. ಕ್ಯಾಮ್ ಸೆನ್ಸರ್ ಬ್ಲಾಕಿನ ಹಿಂಭಾಗದಲ್ಲಿದ್ದರೆ ಅದು ನಿಮ್ಮ ಪೀಳಿಗೆಯದು, ಮುಂದಿನ ಟೈಮಿಂಗ್ ಕವರ್‌ನಲ್ಲಿದ್ದರೆ ಆಮೇಲಿನದು. ಎರಡನ್ನೂ ಬೆರೆಸಿದರೆ ಸೆಲ್ಫ್ ಎಷ್ಟು ಹೊಡೆದರೂ ಸಿಂಕ್ (ಕ್ರ್ಯಾಂಕ್-ಕ್ಯಾಮ್ ತಾಳೆ) ಸಿಗುವುದಿಲ್ಲ, ಸ್ಪಾರ್ಕ್ ಬರುವುದಿಲ್ಲ.

—

ಹಳೇಚಾಸಿ:

ಕ್ರ್ಯಾಂಕ್ ಸೆನ್ಸರ್ ಕಪ್ಪು, ಕ್ಯಾಮ್ ಸೆನ್ಸರ್ ಹಿಂದೆ ಇದೆ. ಟರ್ಬೊ ಮಾತು ಒಂದೆರಡು ವರ್ಷವಾದರೂ ಪಕ್ಕಕ್ಕಿಡುತ್ತೇನೆ, ಹಾಗಾಗಿ ಕಂಪನಿ ಇಸಿಯು ಕಡೆಗೇ ಮನಸ್ಸು ವಾಲಿದೆ. ಎರಡು ಸಂಗತಿ ಗೊಂದಲ: ಪೆಡಲ್ ಯಾವುದಾದರೂ ಆಗುತ್ತದೆಯೇ? ಕತ್ತರಿಸಿದ ವೈರುಗಳಲ್ಲಿ ಯಾವುವನ್ನು ಜೋಡಿಸಬೇಕು, ಯಾವುವನ್ನು ಬಿಡಬಹುದು?

—

ತಂತಿಜಾಲ:

ಪೆಡಲ್ ಯಾವುದೋ ಆಗುವುದಿಲ್ಲ. ಈ ಪೀಳಿಗೆಯಲ್ಲಿ ಪೆಡಲ್, ಥ್ರಾಟಲ್ ಬಾಡಿ, ಇವೆರಡರ ನಡುವೆ ಥ್ರಾಟಲ್ ನಡೆಸುವ ಟಿಎಸಿ ಮಾಡ್ಯೂಲ್ ಎಂಬ ಪುಟ್ಟ ಡಬ್ಬಿ, ಈ ಮೂರೂ ಒಂದು ಜೋಡಿ. ಟಿಎಸಿ ಎಂಜಿನ್ ಮೇಲೆ ಇರುವುದಿಲ್ಲ, ಕ್ಯಾಬಿನ್ ಗೋಡೆಗೆ ಬೋಲ್ಟ್ ಹಾಕಿರುತ್ತಾರೆ, ಆದ್ದರಿಂದ ಎಂಜಿನ್ ಇಳಿಸುವವರು ಅದನ್ನು ಅಲ್ಲೇ ಬಿಟ್ಟುಬಿಡುವುದು ಸಾಮಾನ್ಯ. ನಿಮ್ಮಲ್ಲಿ ಪೆಡಲ್ ಇಲ್ಲವೆಂದರೆ ಅದೂ ಇರಲಾರದು, ಒಮ್ಮೆ ಹುಡುಕಿ. ಎರಡನ್ನೂ ಅದೇ ಸರಣಿಯ, ಅದೇ ವರ್ಷಗಳ ಟ್ರಕ್ಕಿನಿಂದ, ಸಾಧ್ಯವಾದರೆ ಒಂದೇ ಗಾಡಿಯಿಂದ ತೆಗೆದುಕೊಳ್ಳಿ. ಕಾರ್ವೆಟ್ ಪೆಡಲ್‌ಗೆ ಟ್ರಕ್ ಮಾಡ್ಯೂಲ್ ಕೂಡಿಸಬೇಡಿ. ಪೆಡಲ್‌ನಲ್ಲಿ ಒಂದಕ್ಕಿಂತ ಹೆಚ್ಚು ಸೆನ್ಸರ್ ಇದ್ದು ಅವುಗಳ ಸಿಗ್ನಲ್ ಒಂದಕ್ಕೊಂದು ತಾಳೆಯಾಗಬೇಕು. ತಾಳೆಯಾಗದಿದ್ದರೆ ಇಸಿಯು ಥ್ರಾಟಲ್ ತೆರೆಯಲು ಒಪ್ಪದೆ ಪವರ್ ಕಡಿತದ ಸ್ಥಿತಿಗೆ ಹೋಗುತ್ತದೆ. ಅದು ಸುರಕ್ಷತೆಗೆ ಇಟ್ಟ ವ್ಯವಸ್ಥೆ, ತಪ್ಪಿಸಲು ಹೋಗಬೇಡಿ.

ಹಳೆಯ ಪಿಕಪ್‌ನ ಪೆಡಲ್‌ಗೆ ಕೇಬಲ್ ಉಳಿಸಿಕೊಳ್ಳಲೇಬೇಕೆಂದಿದ್ದರೆ ಕೇಬಲ್ ಥ್ರಾಟಲ್ ಬಾಡಿ ಹಾಕಿ, ಐಡಲ್ ವಾಲ್ವ್‌ನ 4 ವೈರು, ಥ್ರಾಟಲ್ ಪೊಸಿಷನ್ ಸೆನ್ಸರ್‌ನ 3 ವೈರು ಸೇರಿಸಿ, ಇಸಿಯುವಿಗೂ ಕೇಬಲ್ ಗಾಡಿಯ ಕ್ಯಾಲಿಬ್ರೇಷನ್ ಬರೆಯಬೇಕು. ಬರೀ ಥ್ರಾಟಲ್ ಬದಲಿಸಿದರೆ ಆಗದು.

ವೈರುಗಳ ವಿಚಾರ. 2004ರ ಟ್ರಕ್ಕಿನ ಇಸಿಯು ಪಿನ್ ಪಟ್ಟಿಯನ್ನೇ ಇಟ್ಟುಕೊಳ್ಳಿ, 2002ರವರೆಗಿನ ಕೆಂಪು-ನೀಲಿ ಕನೆಕ್ಟರಿನ ಪಟ್ಟಿ ಇದಕ್ಕೆ ಹೊಂದುವುದಿಲ್ಲ. ಬಣ್ಣ ನಂಬಿ ಜೋಡಿಸಬೇಡಿ. ಮಲ್ಟಿಮೀಟರ್‌ನಲ್ಲಿ ಕಂಟಿನ್ಯೂಟಿ ಇಟ್ಟು ಪ್ರತಿ ವೈರನ್ನೂ ಇಸಿಯು ಪಿನ್‌ವರೆಗೆ ಗುರುತಿಸಿ ಚೀಟಿ ಕಟ್ಟಿ.

ಮೊದಲು ಕರೆಂಟ್. ಬ್ಯಾಟರಿಯಿಂದ ನೇರ ಬರುವ ಸದಾ 12 ವೋಲ್ಟ್ ಒಂದು, ಅದಿಲ್ಲದಿದ್ದರೆ ಇಸಿಯು ಕಲಿತದ್ದನ್ನೆಲ್ಲ ಪ್ರತಿಸಲ ಮರೆಯುತ್ತದೆ. ಇಗ್ನಿಷನ್ ಆನ್ ಆದಾಗ ಬರುವ 12 ವೋಲ್ಟ್ ಇನ್ನೊಂದು. ಎಲ್ಲಕ್ಕಿಂತ ಹೆಚ್ಚು ತಪ್ಪಾಗುವುದು ಇಲ್ಲೇ. ಹಳೆಯ ಗಾಡಿಯ ಕೀಲಿ ಸ್ವಿಚ್‌ನಲ್ಲಿ ರೇಡಿಯೊಗೆ ಹೋಗುವ ವೈರು ಸೆಲ್ಫ್ ಹೊಡೆಯುವಾಗ ಕಡಿತವಾಗುತ್ತದೆ. ಅದನ್ನು ಹಿಡಿದು ಇಸಿಯುಗೆ ಕೊಟ್ಟರೆ ಎಂಜಿನ್ ತಿರುಗುತ್ತದೆ, ಹತ್ತುವುದಿಲ್ಲ. ಕೀಲಿ ಬಿಟ್ಟ ಕ್ಷಣಕ್ಕೆ ಒಂದು ಸಲ ಕೆಮ್ಮುತ್ತದೆ. ಸೆಲ್ಫ್ ಹೊಡೆಯುತ್ತಲೇ ಮೀಟರ್ ಇಟ್ಟು, ಆಗಲೂ 12 ವೋಲ್ಟ್ ಉಳಿಯುವ ವೈರು ಯಾವುದೆಂದು ಪರೀಕ್ಷಿಸಿ. ಹಳೆಯ ಸ್ವಿಚ್ ಮೇಲೆ ಭಾರ ಹಾಕದೆ, ಅದರಿಂದ ಒಂದು ರಿಲೇ ಮಾತ್ರ ಎಳೆಸಿ. ರಿಲೇಯಿಂದ ಎಡ ಸಾಲಿನ ಕಾಯಿಲ್-ಇಂಜೆಕ್ಟರ್‌ಗೆ 15 ಆಂಪಿಯರ್ ಫ್ಯೂಸ್, ಬಲ ಸಾಲಿಗೆ ಇನ್ನೊಂದು 15, ಇಸಿಯುಗೆ ಬೇರೆ, ಆಕ್ಸಿಜನ್ ಸೆನ್ಸರ್ ಹೀಟರ್ ಮತ್ತು ಗಾಳಿ ಅಳೆಯುವ ಸೆನ್ಸರ್‌ಗೆ ಬೇರೆ ಕೊಡಿ. ಒಂದು ಫ್ಯೂಸ್ ಹೋದರೆ ಒಂದು ಬದಿಯ ನಾಲ್ಕೂ ಸಿಲಿಂಡರ್ ನಿಲ್ಲುವುದರಿಂದ ದೋಷ ಹುಡುಕುವುದು ಸುಲಭ.

ಪೆಟ್ರೋಲ್ ಪಂಪ್ ರಿಲೇಗೆ ಇಸಿಯು 12 ವೋಲ್ಟ್ ಕೊಡುತ್ತದೆ. ಫ್ಯಾನ್ ರಿಲೇಗೆ ಅದು ಅರ್ತ್ ಕೊಡುತ್ತದೆ. ಎರಡಕ್ಕೂ ಒಂದೇ ರೀತಿ ವೈರಿಂಗ್ ಮಾಡಿದರೆ ಒಂದು ಕೆಲಸ ಮಾಡುವುದಿಲ್ಲ, ಅಥವಾ ಫ್ಯಾನ್ ಸದಾ ತಿರುಗುತ್ತಲೇ ಇರುತ್ತದೆ.

ಗೇರ್‌ಬಾಕ್ಸ್‌ಗೆ ಮೂರು: ಗೇರ್ ಲಿವರ್ ಸ್ಥಾನದ ಸ್ವಿಚ್, ಹಿಂಭಾಗದ ವೇಗದ ಸೆನ್ಸರ್, ಬ್ರೇಕ್ ಸ್ವಿಚ್. ಬ್ರೇಕ್ ಸಿಗ್ನಲ್ ದೀಪದ ಸ್ವಿಚ್‌ಗೆ ತದ್ವಿರುದ್ಧ: ಪೆಡಲ್ ಒತ್ತದಿರುವಾಗ 12 ವೋಲ್ಟ್ ಇರಬೇಕು, ಒತ್ತಿದಾಗ ಹೋಗಬೇಕು. ಇದನ್ನು ಬಿಟ್ಟರೆ ಕನ್ವರ್ಟರ್ ಲಾಕ್ ಆಗುವುದೇ ಇಲ್ಲ. ಹೆದ್ದಾರಿಯಲ್ಲಿ ಟ್ರೈಲರ್ ಎಳೆದರೆ ಗೇರ್ ಆಯಿಲ್ ಕುದಿಯುತ್ತದೆ.

ಒಬಿಡಿ ಸಾಕೆಟ್ ತಪ್ಪದೆ ಹಾಕಿ, ಅದಿಲ್ಲದೆ ಟ್ಯೂನಿಂಗೂ ಇಲ್ಲ, ಕೋಡ್ ಓದುವುದೂ ಇಲ್ಲ. ಪಿನ್ 16ಕ್ಕೆ ಸದಾ 12 ವೋಲ್ಟ್, 4 ಮತ್ತು 5ಕ್ಕೆ ಅರ್ತ್, 2ಕ್ಕೆ ಇಸಿಯುವಿನ ಡೇಟಾ ವೈರು. ನಾಲ್ಕೇ ಪಿನ್.

ಆರ್‌ಪಿಎಂ ಮೀಟರ್‌ಗೆ ಇಸಿಯು 4 ಸಿಲಿಂಡರ್ ಎಂಜಿನ್‌ನಂತೆ ಸಿಗ್ನಲ್ ಕೊಡುತ್ತದೆ. ಮೀಟರ್ ಅನ್ನು 4 ಸಿಲಿಂಡರ್‌ಗೆ ಇಡಿ. ಸೂಜಿ ಅಲುಗದಿದ್ದರೆ ಆ ವೈರಿಗೂ ಇಗ್ನಿಷನ್ 12 ವೋಲ್ಟ್‌ಗೂ ನಡುವೆ 5 ಕಿಲೊಓಮ್ ರೆಸಿಸ್ಟರ್ ಸೇರಿಸಿ. ಹಳೆಯ ಟೆಂಪರೇಚರ್ ಮೀಟರ್ ಅನ್ನು ಇಸಿಯು ಸೆನ್ಸರ್‌ಗೆ ಕಟ್ಟಬೇಡಿ, ಎರಡೂ ಸುಳ್ಳು ಹೇಳುತ್ತವೆ. ಬಲ ಹೆಡ್‌ನ ಹಿಂದೆ 12 ಎಂಎಂ, 1.5 ಪಿಚ್‌ನ ಪ್ಲಗ್ ಇದೆ, ಮೀಟರಿನ ಸೆನ್ಸರ್ ಅಲ್ಲಿಗೆ.

—

ಅರ್ತ್‌ಪಾಯಿಂಟ್:

ಮೇಲಿನದಕ್ಕೆ ಅರ್ತ್ ಕುರಿತು ಸೇರಿಸುತ್ತೇನೆ. ಸ್ವಾಪ್ ಗಾಡಿಗಳ ಅರ್ಧ ರೋಗ ಇಸಿಯುದಲ್ಲ, ಅರ್ತ್‌ನದು. ಬ್ಯಾಟರಿ ಮೈನಸ್‌ನಿಂದ ಬ್ಲಾಕಿಗೆ ದಪ್ಪ ಕೇಬಲ್, ಬ್ಲಾಕಿನಿಂದ ಚಾಸಿಗೆ ಒಂದು, ಹೆಡ್‌ನ ಹಿಂಭಾಗದಿಂದ ಬಾಡಿಗೆ ಒಂದು. ಬಣ್ಣ ಕೆರೆದು ಬರಿ ಲೋಹಕ್ಕೆ ಬೋಲ್ಟ್ ಹಾಕಿ. ಮೀಟರಿನ ಒಂದು ತುದಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಇಸಿಯು ಅರ್ತ್ ಪಿನ್‌ಗೆ ಹಿಡಿದು ಸೆಲ್ಫ್ ಹೊಡೆಸಿ. 0.2 ವೋಲ್ಟ್‌ಗಿಂತ ಹೆಚ್ಚು ಕಂಡರೆ ಅರ್ತ್ ಸರಿಯಿಲ್ಲ. ಸೆನ್ಸರ್‌ಗಳ ಅರ್ತ್ ವೈರನ್ನು ಇಸಿಯುಗೆ ಮಾತ್ರ ತನ್ನಿ, ಚಾಸಿಗೆ ಕಟ್ಟಬೇಡಿ. ಕಟ್ಟಿದರೆ ಫ್ಯಾನ್ ಆನ್ ಆದಾಗೆಲ್ಲ ಥ್ರಾಟಲ್, ಟೆಂಪರೇಚರ್ ಓದುವಿಕೆ ಕುಣಿಯುತ್ತದೆ.

ಕತ್ತರಿಸಿದ ತುದಿಗಳನ್ನು ತಿರುಚಿ ಟೇಪ್ ಸುತ್ತುವುದು ಬೇಡ. ಸರಿಯಾದ ಕ್ರಿಂಪ್, ಅದರ ಮೇಲೆ ಅಂಟು ಇರುವ ಹೀಟ್ ಶ್ರಿಂಕ್. ಜೋಡಣೆಗಳು ಎಲ್ಲವೂ ಒಂದೇ ಜಾಗದಲ್ಲಿ ಗುಂಪಾಗದಂತೆ ಹಿಂದೆ ಮುಂದೆ ಇಡಿ. ಎಂಜಿನ್ ಹೊಸದಾಗಿ ಕೂತ ಮೇಲೆ 5 ವೋಲ್ಟ್ ರೆಫರೆನ್ಸ್ ವೈರು (ಹಲವು ಸೆನ್ಸರ್‌ಗಳಿಗೆ ಒಟ್ಟಿಗೆ ಕರೆಂಟ್ ಕೊಡುವುದು) ಬೆಲ್‌ಹೌಸಿಂಗ್ ಮತ್ತು ಬ್ಲಾಕ್ ನಡುವೆ ಸಿಕ್ಕಿ ನಜ್ಜಾಗುವುದುಂಟು. ಆಗ ಮೂರು ನಾಲ್ಕು ಸೆನ್ಸರ್ ಕೋಡ್ ಒಟ್ಟಿಗೆ ಬರುತ್ತವೆ. ಅಂಥ ಹೊತ್ತಿನಲ್ಲಿ ಸೆನ್ಸರ್ ಕೊಳ್ಳಲು ಓಡಬೇಡಿ, ಆ ಒಂದು ವೈರು ಹುಡುಕಿ.

ಕೂಲಂಟ್ ಸೆನ್ಸರ್ ಪರೀಕ್ಷೆ: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 3,500 ಓಮ್, 100 ಡಿಗ್ರಿಯಲ್ಲಿ ಸುಮಾರು 180. ರಾತ್ರಿ ನಿಂತ ಗಾಡಿಯಲ್ಲಿ ಕೂಲಂಟ್ ಮತ್ತು ಒಳಗಾಳಿ ಎರಡೂ ಉಷ್ಣಾಂಶ ಒಂದೇ ತೋರಿಸಬೇಕು.

—

ಡೀಸೆಲ್‌ಕೈ:

ಇದೇ ಗೊಂದಲದಲ್ಲಿ ಕಾಮನ್ ರೈಲ್ ಡೀಸೆಲ್ ಸ್ವಾಪ್ ಮಾಡುವವರು ಓದುತ್ತಿದ್ದರೆ: ಅಲ್ಲಿ ಆಯ್ಕೆಯ ಪ್ರಶ್ನೆ ಹೆಚ್ಚುಕಡಿಮೆ ಇಲ್ಲ, ಕಂಪನಿ ಇಸಿಯುವೇ ಗತಿ. ಪ್ರತಿ ಇಂಜೆಕ್ಟರ್‌ಗೂ ತಿದ್ದುಪಡಿ ಕೋಡ್ ಇದ್ದು ಅದನ್ನು ಇಸಿಯುಗೆ ಬರೆಯಬೇಕು. ರೈಲ್ ಪ್ರೆಷರ್ 1,600 ಬಾರ್ ದಾಟುವಲ್ಲಿ ಪೈಲಟ್ ಇಂಜೆಕ್ಷನ್ (ಮುಖ್ಯ ಇಂಜೆಕ್ಷನ್‌ಗೆ ಮುಂಚಿನ ಸಣ್ಣ ಸಿಂಪಡಣೆ) ಸಮಯ ಸ್ವಲ್ಪ ತಪ್ಪಿದರೂ ಎಂಜಿನ್ ಬಡಿಯತೊಡಗುತ್ತದೆ.

ಆದ್ದರಿಂದ ಗಾಡಿಯಿಂದ ಎಂಜಿನ್ ಇಳಿಸುವಾಗಲೇ ಇಸಿಯು, ಕೀಲಿ, ಕೀಲಿಯ ಸುತ್ತ ಇರುವ ಆಂಟೆನಾ ರಿಂಗ್, ಇಮೊಬಿಲೈಸರ್ (ಕಳ್ಳತನ ತಡೆಯುವ) ಡಬ್ಬಿ, ಮೀಟರ್ ಬೋರ್ಡ್, ಪೆಡಲ್ ಎಲ್ಲವನ್ನೂ ಒಂದೇ ಗಾಡಿಯಿಂದ ತಗೊಳ್ಳಿ. ಕ್ಯಾನ್ ವೈರುಗಳ (ಮಾಡ್ಯೂಲ್‌ಗಳು ಮಾತಾಡಿಕೊಳ್ಳುವ ಜೋಡಿ ವೈರು) ಎರಡು ತುದಿಯಲ್ಲಿ ತಲಾ 120 ಓಮ್ ರೆಸಿಸ್ಟರ್ ಇರುತ್ತದೆ. ಬ್ಯಾಟರಿ ತೆಗೆದು ಕ್ಯಾನ್ ಹೈ ಮತ್ತು ಲೋ ನಡುವೆ ಅಳೆದರೆ 60 ಓಮ್ ಬರಬೇಕು. 120 ಬಂದರೆ ಒಂದು ತುದಿಯ ಮಾಡ್ಯೂಲ್ ಅನ್ನು ನೀವು ಬಿಟ್ಟಿದ್ದೀರಿ ಎಂದರ್ಥ, ಅಲ್ಲಿಗೊಂದು 120 ಓಮ್ ಸೇರಿಸಬೇಕು.

—

ಹಳೇಚಾಸಿ:

ಎಲ್ಲರಿಗೂ ಧನ್ಯವಾದ. ಕಂಪನಿ ಇಸಿಯು ಎಂದೇ ತೀರ್ಮಾನ. ಅದೇ ಸರಣಿಯ ಟ್ರಕ್ಕಿನ ಪೆಡಲ್ ಮತ್ತು ಟಿಎಸಿ ಮಾಡ್ಯೂಲ್ ಹುಡುಕುತ್ತಿದ್ದೇನೆ. ಕೊನೆಯದಾಗಿ ಪೆಟ್ರೋಲ್ ಲೈನ್ ಮತ್ತು ಮೊದಲ ಸ್ಟಾರ್ಟ್ ಬಗ್ಗೆ ಎಚ್ಚರಿಕೆ ಏನಾದರೂ?

—

ಮ್ಯಾಪ್‌ಸೆನ್ಸರ್:

ಪೆಟ್ರೋಲ್ ಪ್ರೆಷರ್ 58 ಪಿಎಸ್‌ಐ, ಅಂದರೆ 4 ಬಾರ್ ಬೇಕು. ಕಾರ್ಬ್ಯುರೇಟರ್ ಕಾಲದ ಪಂಪ್, ಹಳೆಯ ರಬ್ಬರ್ ಪೈಪ್ ಎರಡನ್ನೂ ಪೂರ್ತಿ ತೆಗೆಯಿರಿ. ಆ ಪೈಪ್ ಈ ಒತ್ತಡಕ್ಕೆ ಒಡೆದು ಎಕ್ಸಾಸ್ಟ್ ಮೇಲೆ ಪೆಟ್ರೋಲ್ ಚಿಮ್ಮುತ್ತದೆ. ಇಎಫ್‌ಐ (ಎಲೆಕ್ಟ್ರಾನಿಕ್ ಇಂಜೆಕ್ಷನ್) ದರ್ಜೆಯ ಪೈಪ್ ಮಾತ್ರ. 1999ರಿಂದ 2003ರ ಕಾರ್ವೆಟ್‌ನ ಫಿಲ್ಟರ್‌ನಲ್ಲೇ 58 ಪಿಎಸ್‌ಐ ರೆಗ್ಯುಲೇಟರ್ ಇದೆ. ಅದನ್ನು ಟ್ಯಾಂಕಿನ ಹತ್ತಿರ ಹಾಕಿ ರಿಟರ್ನ್ ಪೈಪ್ ಅಲ್ಲಿಂದಲೇ ಟ್ಯಾಂಕಿಗೆ ಕೊಟ್ಟರೆ ಎಂಜಿನ್‌ವರೆಗೆ ಒಂದೇ ಪೈಪ್ ಸಾಕು. ಹಳೆಯ ಟ್ಯಾಂಕಿನೊಳಗೆ ಅಡ್ಡಗೋಡೆ ಇಲ್ಲದಿದ್ದರೆ ತಿರುವಿನಲ್ಲಿ ಪಂಪ್ ಗಾಳಿ ಎಳೆಯುತ್ತದೆ. ಕಾಲು ಟ್ಯಾಂಕಿನಲ್ಲಿ ಗಾಡಿ ತಿರುವಿನಲ್ಲಿ ಮಾತ್ರ ಮುಗ್ಗರಿಸಿದರೆ ಟ್ಯೂನಿಂಗ್ ಮುಟ್ಟಬೇಡಿ, ಟ್ಯಾಂಕ್ ನೋಡಿ.

ಗಾಳಿ ಅಳೆಯುವ ಸೆನ್ಸರ್ ಅನ್ನು ಪೈಪಿನ ತಿರುವಿಗೆ ಅಂಟಿಸಿದಂತೆ ಇಡಬೇಡಿ, ಅದರ ಮುಂದೆ ಸಾಧ್ಯವಾದಷ್ಟು ನೇರ ಪೈಪ್ ಇರಲಿ. ಮುಂದಿನ ಆಕ್ಸಿಜನ್ ಸೆನ್ಸರ್‌ಗಳಿಗೆ ಮುಂಚೆ ಎಕ್ಸಾಸ್ಟ್ ಜಾಯಿಂಟ್ ಸೋರಿದರೆ ಹೊರಗಿನ ಗಾಳಿ ಒಳಬಂದು ಇಸಿಯು ಸುಮ್ಮನೆ ಪೆಟ್ರೋಲ್ ಹೆಚ್ಚಿಸುತ್ತದೆ.

ಮೊದಲ ಸ್ಟಾರ್ಟ್‌ಗೆ ಇಂಜೆಕ್ಟರ್ ಮತ್ತು ಕಾಯಿಲ್ ಫ್ಯೂಸ್ ತೆಗೆದು, ಆಯಿಲ್ ಪ್ರೆಷರ್ ಕಾಣುವವರೆಗೆ ಸೆಲ್ಫ್ ಹೊಡೆಯಿರಿ. ಆಮೇಲೆ ಫ್ಯೂಸ್ ಹಾಕಿ, ಕೀಲಿ ಮೂರ್ನಾಲ್ಕು ಸಲ ಆನ್-ಆಫ್ ಮಾಡಿ ಪೈಪಿನಲ್ಲಿ ಪ್ರೆಷರ್ ಕಟ್ಟಿದ ಮೇಲೆ ಹೊಡೆಯಿರಿ. ಎಂಜಿನ್ ನಿಂತಿರುವಾಗ ಮ್ಯಾಪ್ ಸೆನ್ಸರ್ ಸಮುದ್ರ ಮಟ್ಟದಲ್ಲಿ 100 ಕಿಲೊಪ್ಯಾಸ್ಕಲ್ ಆಸುಪಾಸು ತೋರಿಸಬೇಕು, ಎತ್ತರದ ಊರಲ್ಲಿ ಅದಕ್ಕಿಂತ ಕಡಿಮೆ. ಬಿಸಿಯಾಗಿ ಐಡ್ಲಿಂಗ್‌ನಲ್ಲಿ 30ರಿಂದ 40. ಐಡ್ಲಿಂಗ್‌ನಲ್ಲಿ 55, 60 ಎಂದರೆ ಇನ್‌ಟೇಕ್ ಎಲ್ಲೋ ಸೋರುತ್ತಿದೆ.

—

ತಂತಿಜಾಲ:

ಅದರ ಮೇಲೆ ಇನ್ನೊಂದು ಕೆಲಸ. ಬೇರೆ ಇಸಿಯು, ಹೊಸ ಕ್ರ್ಯಾಂಕ್ ಸೆನ್ಸರ್ ಅಥವಾ ಕ್ರ್ಯಾಂಕ್ ಬದಲಾದರೆ ಪಿ1336 ಕೋಡ್ ಬರುತ್ತದೆ. ಕ್ರ್ಯಾಂಕ್‌ನ ಸಣ್ಣ ಸಣ್ಣ ಏರುಪೇರನ್ನು ಇಸಿಯು ಇನ್ನೂ ಕಲಿತಿಲ್ಲ ಎಂದು ಅದರ ಅರ್ಥ. ಕಲಿಯುವವರೆಗೆ ಮಿಸ್‌ಫೈರ್ ಪತ್ತೆ ನಂಬುವಂತಿಲ್ಲ. ಆ ವ್ಯವಸ್ಥೆ ಇರುವ ಸ್ಕ್ಯಾನರ್ ಹಾಕಿ, ಎಂಜಿನ್ ಪೂರ್ತಿ ಬಿಸಿ ಮಾಡಿ, ಎಸಿ ಆಫ್, ಹ್ಯಾಂಡ್‌ಬ್ರೇಕ್ ಹಾಕಿ, ಬ್ರೇಕ್ ಒತ್ತಿ ಹಿಡಿದು, ಸ್ಕ್ಯಾನರ್ ಹೇಳಿದಾಗ ಪೆಡಲ್ ಪೂರ್ತಿ ಒತ್ತಿ, ಇಸಿಯು ಪೆಟ್ರೋಲ್ ಕಟ್ ಮಾಡಿದ ತಕ್ಷಣ ಕಾಲು ತೆಗೆಯಿರಿ.

ನಾಕ್ ಸೆನ್ಸರ್ (ಎಂಜಿನ್ ಬಡಿತ ಗುರುತಿಸುವುದು) ಎರಡೂ ಇನ್‌ಟೇಕ್ ಕೆಳಗಿನ ಕಣಿವೆಯಲ್ಲಿ ಕೂತಿರುತ್ತವೆ. ಎಂಜಿನ್ ತೊಳೆದ ನೀರು ರಬ್ಬರ್ ಮುಚ್ಚಳದ ಅಂಚಿನಿಂದ ಇಳಿದು ಅವು ತುಕ್ಕು ಹಿಡಿಯುವುದು ಈ ಪೀಳಿಗೆಯಲ್ಲಿ ಮಾಮೂಲಿ. ಕೆಟ್ಟರೆ ಇಸಿಯು ಸ್ಪಾರ್ಕ್ ಟೈಮಿಂಗ್ ಹಿಂದಕ್ಕೆಳೆಯುತ್ತದೆ, ಗಾಡಿಗೆ ಎಳೆತ ಇರುವುದಿಲ್ಲ. ಎಂಜಿನ್ ಇನ್ನೂ ಸ್ಟ್ಯಾಂಡ್ ಮೇಲೇ ಇದ್ದರೆ ಇನ್‌ಟೇಕ್ ತೆಗೆದು ನೋಡಿ, ಸೆನ್ಸರ್ ಜೊತೆ ಅದರ ಪುಟ್ಟ ಹಾರ್ನೆಸ್ ಕೂಡ ಬದಲಿಸಿ. ಗಾಡಿಯೊಳಗೆ ಕೂತ ಮೇಲೆ ಕ್ಯಾಬಿನ್ ಗೋಡೆಯ ಕಡೆಯ ಬೋಲ್ಟ್‌ಗಳಿಗೆ ಕೈ ಹೋಗುವುದು ಕಷ್ಟ.